ಮುಗ್ಗು ವಾಸನೆ, ಮೀನಿನ ನಾತ, ಸಿಗರೇಟಿನ ಘಾಟು: ಮನೆಯಲ್ಲಿ ಓಝೋನ್ ಯಂತ್ರ ಬಳಸುವ ಕ್ರಮ

ಮಳೆಗಾಲವಿಡೀ ಬೀಗ ಹಾಕಿದ್ದ ಮನೆಯನ್ನು ಚೌತಿಗೆಂದು ತೆರೆದಾಗ ಮುಖಕ್ಕೆ ಬಡಿಯುವ ಮುಗ್ಗು ವಾಸನೆ, ಒಣಮೀನು ಕೂಡಿಟ್ಟಿದ್ದ ಕೋಣೆಯ ನಾತ, ಗೋಕರ್ಣದ ಹೋಂಸ್ಟೇ ಕೋಣೆಯಲ್ಲಿ ಅತಿಥಿಗಳು ಬಿಟ್ಟುಹೋದ ಸಿಗರೇಟಿನ ಘಾಟು. ಈ ಮೂರರ ಬಗ್ಗೆಯೂ ಓದುಗರು ಕೇಳುವ ಪ್ರಶ್ನೆ ಒಂದೇ: ಓಝೋನ್ ಯಂತ್ರ ತಂದು ಹಚ್ಚಿದರೆ ಹೋಗುತ್ತದೆಯೇ?

ಮೂರನೆಯದು ಹೋಗುತ್ತದೆ. ಎರಡನೆಯದು ತೊಳೆದ ಮೇಲೆ ಹೋಗುತ್ತದೆ. ಮೊದಲನೆಯದು ಗೋಡೆ ಒಣಗುವವರೆಗೆ ಹೋಗುವುದಿಲ್ಲ. ಹೋದಂತೆ ಅನ್ನಿಸಿದರೂ ವಾರದಲ್ಲಿ ತಿರುಗಿ ಬರುತ್ತದೆ. ಓಝೋನ್ ಕೊನೆಯ ಹಂತದ ಕೆಲಸ. ಗುಡಿಸಿ, ತೊಳೆದು, ಒಣಗಿಸಿದ ಮೇಲೂ ಉಳಿಯುವ ವಾಸನೆಗಷ್ಟೇ ಅದು. ಇನ್ನೊಂದು ಮಾತನ್ನು ಮೊದಲೇ ಹೇಳಬೇಕು: ವಾಸನೆಯನ್ನು ಕೊಲ್ಲುವಷ್ಟು ಓಝೋನ್ ಇರುವ ಕೋಣೆಯಲ್ಲಿ ಮನುಷ್ಯರು ಉಸಿರಾಡುವಂತಿಲ್ಲ. ಈ ಎರಡನ್ನೂ ಒಪ್ಪಿಕೊಂಡವರು ಮುಂದೆ ಓದಿ.

ಇದು ಕೆಲಸ ಮಾಡುವ ಬಗೆ

ನಾವು ಉಸಿರಾಡುವ ಆಮ್ಲಜನಕದ ಅಣುವಿನಲ್ಲಿ ಎರಡು ಪರಮಾಣುಗಳಿವೆ, ಓಝೋನ್‌ನಲ್ಲಿ ಮೂರು. ಆ ಮೂರನೆಯದು ಸಡಿಲವಾಗಿ ಕೂತಿರುತ್ತದೆ. ಸಿಕ್ಕ ವಸ್ತುವಿನ ಮೇಲೆ ಹಾರಿ ಅದನ್ನು ಉತ್ಕರ್ಷಿಸುತ್ತದೆ, ಎಂದರೆ ಸುಡದೆಯೇ ಸುಟ್ಟಂತೆ ಒಡೆಯುತ್ತದೆ. ವಾಸನೆಯ ಅಣು ಒಡೆದರೆ ವಾಸನೆ ಹೋಯಿತು. ಆದರೆ ಓಝೋನ್‌ಗೆ ವಾಸನೆಯ ಅಣು ಯಾವುದು, ನಿಮ್ಮ ಶ್ವಾಸಕೋಶದ ಪದರ ಯಾವುದು, ರಬ್ಬರ್ ಚಪ್ಪಲಿ ಯಾವುದು ಎಂಬ ಭೇದವಿಲ್ಲ. ಎಲ್ಲದರ ಮೇಲೂ ಬೀಳುತ್ತದೆ.

ಬಾಡಿಗೆಗೂ ಮಾರಾಟಕ್ಕೂ ಸಿಗುವ ಹೆಚ್ಚಿನ ಯಂತ್ರಗಳು ಕರೋನಾ ಡಿಸ್ಚಾರ್ಜ್ ಮಾದರಿಯವು. ಸೆರಾಮಿಕ್ ಪ್ಲೇಟಿನ ಮೇಲೆ ಸಾವಿರಾರು ವೋಲ್ಟಿನ ವಿದ್ಯುತ್ ಹರಿಸಿ, ಅದರ ಮೇಲಿಂದ ಫ್ಯಾನ್ ಗಾಳಿ ಹಾಯಿಸುತ್ತವೆ. 185 ನ್ಯಾನೋಮೀಟರ್ ಅಲೆಯ ನೇರಳಾತೀತ ದೀಪದಿಂದ ಓಝೋನ್ ಮಾಡುವ ಮಾದರಿಯೂ ಇದೆ. ಅದರ ಉತ್ಪಾದನೆ ಕಡಿಮೆ, ಆದರೆ ತೇವದ ಕಾಟ ಅಷ್ಟಿಲ್ಲ. 254 ನ್ಯಾನೋಮೀಟರಿನ ಕ್ರಿಮಿನಾಶಕ ದೀಪವನ್ನು ಇದೇ ಎಂದುಕೊಂಡು ಕೊಳ್ಳಬೇಡಿ. ಅದು ಓಝೋನನ್ನು ಒಡೆಯುತ್ತದೆಯೇ ಹೊರತು ಮಾಡುವುದಿಲ್ಲ.

ಯಾವ ವಾಸನೆಗೆ ಸಲ್ಲುತ್ತದೆ, ಯಾವುದಕ್ಕೆ ಇಲ್ಲ

ಸಿಗರೇಟು-ಬೀಡಿ ಹೊಗೆ, ಅಡುಗೆಯ ಜಿಡ್ಡು ವಾಸನೆ, ಬಹಳ ದಿನ ಮುಚ್ಚಿದ್ದ ಕಪಾಟಿನ ವಾಸನೆ, ಮೀನಿನ ಉಳಿದ ನಾತ: ಇವಕ್ಕೆ ಚೆನ್ನಾಗಿ ಸಲ್ಲುತ್ತದೆ. ಮೀನಿನ ನಾತಕ್ಕೆ ಮುಖ್ಯ ಕಾರಣ ಟ್ರೈಮಿಥೈಲಮೀನ್ ಎಂಬ ವಸ್ತು. ಓಝೋನ್ ಅದನ್ನು ಒಡೆಯಬಲ್ಲದು.

ಬಾವಲಿ ಹಿಕ್ಕೆ ಮತ್ತು ಬೆಕ್ಕಿನ ಮೂತ್ರದ ಅಮೋನಿಯಾ ಘಾಟಿನ ಮೇಲೆ ಅದರ ಆಟ ತೀರ ನಿಧಾನ. ಶಿರಸಿ, ಸಿದ್ದಾಪುರ ಕಡೆಯ ಹಳೆಯ ಮನೆಗಳ ಮೆತ್ತಿನಲ್ಲಿ ಬಾವಲಿ ಸೇರಿಕೊಂಡಿದ್ದರೆ ಹಿಕ್ಕೆ ತೆಗೆದು ಸಂದಿ ಮುಚ್ಚದೆ ದಾರಿಯಿಲ್ಲ. ಒಣ ಹಿಕ್ಕೆಯನ್ನು ಗುಡಿಸಿದರೆ ಧೂಳು ಏಳುತ್ತದೆ. ನೀರು ಚಿಮುಕಿಸಿ, ಎನ್95 ಮುಖಗವಸು ಹಾಕಿಕೊಂಡೇ ತೆಗೆಯಿರಿ. ಇಲಿ ಸತ್ತ ವಾಸನೆಗೆ ಇಲಿಯನ್ನು ಹುಡುಕುವುದೇ ಮದ್ದು.

ಬೂಷ್ಟಿನ ವಿಚಾರದಲ್ಲಿ ಹೆಚ್ಚು ಜನ ಮೋಸ ಹೋಗುತ್ತಾರೆ. ಓಝೋನ್ ಬೂಷ್ಟಿನ ಮೇಲ್ಪದರವನ್ನು ಒಂದಷ್ಟು ಕೊಲ್ಲಬಹುದು, ಚಿರೆಕಲ್ಲಿನ ತೂತುಗಳ ಒಳಗೆ ಇಳಿದದ್ದನ್ನು ಮುಟ್ಟುವುದಿಲ್ಲ. ಸತ್ತ ಬೂಷ್ಟೂ ಗೋಡೆಯ ಮೇಲೆ ಇರುವಷ್ಟು ದಿನ ಅಲರ್ಜಿ ಮಾಡುತ್ತದೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಕೆಳಗಿನಿಂದ ನೀರು ಹೀರುವ ಚಿರೆಕಲ್ಲಿನ ಗೋಡೆ, ಸೋರುವ ಮಾಡು, ಒಡೆದ ದೋಣಿಗಾಲುವೆ: ಇವನ್ನು ಸರಿಮಾಡದೆ ಯಂತ್ರಕ್ಕೆ ದುಡ್ಡು ಹಾಕುವುದು ವ್ಯರ್ಥ.

ಬೇಕಾಗುವ ಸಾಮಾನು

ಟೈಮರ್ ಇರುವ ಓಝೋನ್ ಯಂತ್ರ, ಕೋಣೆಯ ಹೊರಗಿನ ಪ್ಲಗ್ಗಿನಿಂದ ಒಳಗೆ ಮುಟ್ಟುವಷ್ಟು ಉದ್ದದ ಎಕ್ಸ್‌ಟೆನ್ಶನ್ ವೈರು, ಅಗಲದ ಪೇಪರ್ ಟೇಪು ಮತ್ತು ಹಳೆಯ ಚಾದರ, ಎರಡು ಫ್ಯಾನು, ಗಾಳಿಯ ತೇವ ತೋರಿಸುವ ಹೈಗ್ರೋಮೀಟರ್. ಕೊನೆಯದನ್ನು ಬೇಡವೆಂದು ಬಿಡಬೇಡಿ. ನಮ್ಮ ಕರಾವಳಿಯಲ್ಲಿ ಯಂತ್ರಕ್ಕಿಂತ ಮೊದಲು ಕೊಳ್ಳಬೇಕಾದ್ದು ಅದೇ.

ಯಂತ್ರದ ಅಳತೆ ಹೀಗೆ ಲೆಕ್ಕ ಹಾಕಿ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆ ಎಂದರೆ 1200 ಘನ ಅಡಿ, ಅಂದರೆ ಸುಮಾರು 34 ಘನ ಮೀಟರ್. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗ ಓಝೋನ್ ಇದ್ದರೆ ಅದನ್ನು 1 ಪಿಪಿಎಂ ಎನ್ನುತ್ತಾರೆ. ಒಂದು ಘನ ಮೀಟರಿಗೆ ಅದು ಸುಮಾರು 2 ಮಿಲಿಗ್ರಾಂ. ವಾಸನೆ ತೆಗೆಯಲು 5 ಪಿಪಿಎಂ ಬೇಕೆಂದುಕೊಂಡರೆ ಈ ಕೋಣೆಯಲ್ಲಿ 340 ಮಿಲಿಗ್ರಾಂ ಓಝೋನ್ ಇರಬೇಕು. ಆದರೆ ಗೋಡೆ, ಬಟ್ಟೆ, ಹಾಸಿಗೆಗಳು ಅದನ್ನು ನುಂಗುತ್ತಲೇ ಇರುತ್ತವೆ, ಸಂದಿಗಳಿಂದ ಸ್ವಲ್ಪ ಹೊರಗೂ ಹೋಗುತ್ತದೆ. ಸಾಮಾನು ತುಂಬಿದ ಕೋಣೆಯಲ್ಲಿ ಗಂಟೆಗೆ ಮೂರು ನಾಲ್ಕು ಸಲ ಅಷ್ಟನ್ನೇ ಮತ್ತೆ ತುಂಬಬೇಕಾಗುತ್ತದೆ. ಹಾಗಾಗಿ ಗಂಟೆಗೆ 1 ರಿಂದ 1.5 ಗ್ರಾಂ ನಿಜವಾಗಿ ಬರುವ ಯಂತ್ರ ಸಾಕು.

"ನಿಜವಾಗಿ" ಎಂಬ ಮಾತಿಗೆ ಕಾರಣವಿದೆ. ಪೆಟ್ಟಿಗೆಯ ಮೇಲೆ ಬರೆದ ಗ್ರಾಂ ಲೆಕ್ಕ ಹೆಚ್ಚಾಗಿ ಒಣ ಗಾಳಿಯದ್ದು, ಕೆಲವೊಮ್ಮೆ ಶುದ್ಧ ಆಮ್ಲಜನಕದ್ದು. ತೇವದ ಗಾಳಿಯಲ್ಲಿ ಅದು ಅರ್ಧಕ್ಕೂ ಇಳಿಯಬಹುದು. ಈ ಅಳತೆಯ ಕೋಣೆಗೆ 5 ಗ್ರಾಂ ಎಂದು ಬರೆದದ್ದು ಧಾರಾಳ. 20 ಗ್ರಾಂ, 30 ಗ್ರಾಂ ಯಂತ್ರ ತಂದು ಸಣ್ಣ ಕೋಣೆಯಲ್ಲಿಟ್ಟರೆ ವಾಸನೆ ಬೇಗ ಹೋಗುವುದಕ್ಕಿಂತ ಪರದೆಯ ಬಣ್ಣ ಬೇಗ ಹೋಗುತ್ತದೆ.

1. ಮೂಲವನ್ನು ಹುಡುಕಿ

ಮುಚ್ಚಿದ ಮನೆಯಲ್ಲಿ ಮೊದಲು ಮೂಗು ಹಾಕಬೇಕಾದ ಜಾಗ ಬಚ್ಚಲು. ತಿಂಗಳುಗಟ್ಟಲೆ ನೀರು ಬೀಳದಿದ್ದರೆ ನಹಣಿ ಟ್ರ್ಯಾಪ್ ಒಣಗುತ್ತದೆ. ನೀರು ಹೋಗುವ ಬಾಯಿಯ ಕೆಳಗೆ ಬಾಗಿದ ಕೊಳವೆಯಲ್ಲಿ ನಿಲ್ಲುವ ಆ ನೀರೇ ಚರಂಡಿಯ ಗಾಳಿಯನ್ನು ತಡೆಯುವ ಬಾಗಿಲು. ಪ್ರತಿ ಬಾಯಿಗೂ, ಸಿಂಕಿಗೂ, ಕಮೋಡಿಗೂ ಒಂದು ತಂಬಿಗೆ ನೀರು ಹುಯ್ದು ಅರ್ಧ ದಿನ ಕಾಯಿರಿ. ವಾಸನೆ ಅಲ್ಲಿಗೇ ನಿಂತರೆ ನಿಮಗೆ ಓಝೋನ್ ಬೇಕಾಗಿಯೇ ಇರಲಿಲ್ಲ.

ಆಮೇಲೆ ಹಾಸಿಗೆಯ ಅಡಿ, ಕಪಾಟಿನ ಹಿಂಬದಿ, ಎಸಿಯ ನೀರು ಹೋಗುವ ಪೈಪು, ಫ್ರಿಜ್ಜಿನ ಹಿಂದಿನ ತಟ್ಟೆ ನೋಡಿ. ಲಾಡ್ಜು, ಹೋಂಸ್ಟೇ ಕೋಣೆಗಳ "ಮುಗ್ಗು" ಬಹಳ ಸಲ ಎಸಿಯ ಕಾಯಿಲಿನದು. ಅದನ್ನು ತೊಳೆಸಿ.

2. ತೊಳೆಯಿರಿ

ಮೀನಿನ ನಾತದ ಮೂಲವಾದ ಆ ವಸ್ತು ಕ್ಷಾರೀಯ. ಹುಳಿ ತಾಗಿದರೆ ಉಪ್ಪಾಗಿ ಕೂರುತ್ತದೆ, ಗಾಳಿಗೆ ಏಳುವುದಿಲ್ಲ. ಮೀನಿಗೆ ಹುಣಸೆ, ನಿಂಬೆ ಹಚ್ಚುವುದರ ಹಿಂದಿನ ಲೆಕ್ಕವೂ ಇದೇ. ಮೊದಲು ಸೋಪಿನ ನೀರಿನಲ್ಲಿ ಜಿಡ್ಡು ತೆಗೆದು, ಒಂದು ಲೋಟ ಬಿಳಿ ವಿನೆಗರಿಗೆ ಎರಡು ಲೋಟ ನೀರು ಬೆರೆಸಿ ಒರೆಸಿ. ಹತ್ತು ನಿಮಿಷ ಬಿಟ್ಟು ನೀರಿನಲ್ಲಿ ತೊಳೆಯಿರಿ. ಮಾರ್ಬಲ್, ಮೊಸಾಯಿಕ್, ರೆಡ್ ಆಕ್ಸೈಡ್ ನೆಲಕ್ಕೆ ವಿನೆಗರ್ ಹಾಕಬೇಡಿ, ಹೊಳಪು ಸತ್ತು ಕಲೆ ಕೂರುತ್ತದೆ. ಅಲ್ಲಿ ಸೋಪಿನ ನೀರನ್ನೇ ಎರಡು ಸಲ ಹಾಕಿ.

ಎಚ್ಚರಿಕೆ: ಬ್ಲೀಚಿಂಗ್ ಪುಡಿಯ ಜೊತೆ ವಿನೆಗರ್ ಸೇರಿಸಿದರೆ ಕ್ಲೋರಿನ್ ವಿಷಾನಿಲ ಏಳುತ್ತದೆ. ಬಾವಲಿ ಹಿಕ್ಕೆ, ಬೆಕ್ಕಿನ ಮೂತ್ರದ ಮೇಲೂ ಬ್ಲೀಚಿಂಗ್ ಹಾಕಬೇಡಿ, ಅಮೋನಿಯಾ ಸೇರಿ ಬೇರೆ ವಿಷಾನಿಲ ಹುಟ್ಟುತ್ತದೆ.

ಸಿಗರೇಟಿನ ಕೋಣೆಯಲ್ಲಿ ಗೋಡೆ, ಛಾವಣಿ, ಫ್ಯಾನಿನ ರೆಕ್ಕೆ ಮೂರನ್ನೂ ಒರೆಸಿ. ಬಟ್ಟೆಗೆ ಹಳದಿ ಬಣ್ಣ ಹತ್ತುವುದು ನಿಂತಾಗ ಕೆಲಸ ಮುಗಿಯಿತು. ಪರದೆ, ದಿಂಬಿನ ಗವಸು ಒಗೆಯಿರಿ.

3. ಒಣಗಿಸಿ

ಹೈಗ್ರೋಮೀಟರ್ 60 ಶೇಕಡಾಕ್ಕಿಂತ ಕೆಳಗೆ ಬರುವವರೆಗೆ ಯಂತ್ರ ಹಚ್ಚಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಗಾಳಿಯಲ್ಲಿ ತೇವ 85 ಶೇಕಡಾಕ್ಕಿಂತ ಮೇಲೇ ಇರುವುದು ರೂಢಿ. ಆ ಗಾಳಿಯನ್ನು ಕರೋನಾ ಪ್ಲೇಟಿನ ಮೇಲೆ ಹಾಯಿಸಿದರೆ ಓಝೋನ್ ಕಡಿಮೆ ಹುಟ್ಟುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಗಾಳಿಯ ಸಾರಜನಕವೂ ಉರಿದು, ತೇವದೊಡನೆ ಕೂಡಿ ಪ್ಲೇಟಿನ ಮೇಲೆ ನೈಟ್ರಿಕ್ ಆಮ್ಲವಾಗಿ ಕೂರುತ್ತದೆ. ಚಟಚಟ ಸದ್ದು, ಕಿಡಿ, ಪ್ಲೇಟಿನ ಮೇಲೆ ಬಿಳಿ ಪುಡಿ: ಇವು ಅದರ ಗುರುತು.

ಮಳೆಗಾಲದಲ್ಲೇ ಮಾಡಲೇಬೇಕಾದರೆ ಎರಡು ದಾರಿ. ಎಸಿ ಇದ್ದರೆ ಡ್ರೈ ಮೋಡಿನಲ್ಲಿ ಹಿಂದಿನ ರಾತ್ರಿಯೆಲ್ಲ ಓಡಿಸಿ, ಇಲ್ಲವಾದರೆ ಡಿಹ್ಯುಮಿಡಿಫೈಯರ್ ಬಾಡಿಗೆಗೆ ತನ್ನಿ. ಕಿಟಕಿ ತೆರೆದು ಒಣಗಿಸುತ್ತೇನೆಂದರೆ ಆಷಾಢದಲ್ಲಿ ತೇವ ಒಳಗೆ ಬರುತ್ತದೆಯೇ ಹೊರತು ಹೋಗುವುದಿಲ್ಲ. ಒಳ್ಳೆಯ ಕಾಲವೆಂದರೆ ದೀಪಾವಳಿಯ ನಂತರ, ಬಿಸಿಲೇರಿದ ಮಧ್ಯಾಹ್ನ. ಗಟ್ಟದ ಮೇಲಿನವರು ಬೆಳಗಿನ ಮಂಜು ಪೂರ್ತಿ ಹರಿಯುವವರೆಗೆ ಕಾಯಿರಿ.

4. ಕೋಣೆಯಿಂದ ಹೊರಗೆ ಹಾಕಬೇಕಾದವು

ಮೊದಲು ಜೀವಿಗಳು: ನಾಯಿ, ಬೆಕ್ಕು, ಗಿಳಿ, ಅಕ್ವೇರಿಯಂ, ಕುಂಡದ ಗಿಡ. ಹಕ್ಕಿ ಮತ್ತು ಮೀನು ಪಕ್ಕದ ಕೋಣೆಯಲ್ಲಿದ್ದರೂ ಸಾಲದು, ಮನೆಯಿಂದಲೇ ಹೊರಗಿಡಿ.

ನಂತರ ರಬ್ಬರ್. ಸಹಜ ರಬ್ಬರನ್ನು ಓಝೋನ್ ಸೀಳುತ್ತದೆ. ಎಳೆದು ಕಟ್ಟಿದ ಇಲಾಸ್ಟಿಕ್, ರಬ್ಬರ್ ಬ್ಯಾಂಡ್, ಚಪ್ಪಲಿ, ಕುಕ್ಕರಿನ ಗ್ಯಾಸ್ಕೆಟ್, ರಬ್ಬರ್ ಬೆರೆಸಿದ ತೆಂಗಿನ ನಾರಿನ ಹಾಸಿಗೆ, ಲೇಟೆಕ್ಸ್ ಹಾಸಿಗೆ ಎಲ್ಲವೂ ಹೊರಗೆ. ಹೊನ್ನಾವರ, ಭಟ್ಕಳ ಕಡೆ ರಬ್ಬರ್ ಶೀಟು ಪೇರಿಸಿಟ್ಟ ಕೋಣೆಯಿದ್ದರೆ ಅದರ ಹತ್ತಿರವೂ ಯಂತ್ರ ಹಚ್ಚಬೇಡಿ. ಅಡುಗೆಮನೆಯಾದರೆ ರೆಗ್ಯುಲೇಟರ್ ತೆಗೆದು ಸಿಲಿಂಡರನ್ನೂ ಗ್ಯಾಸಿನ ಪೈಪನ್ನೂ ಹೊರಗಿಡಿ. ಆ ಪೈಪಿನ ಮೇಲೆ ಬಿರುಕು ಬಿಟ್ಟರೆ ಏನಾಗುತ್ತದೆಂದು ವಿವರಿಸಬೇಕಿಲ್ಲ.

ಅಕ್ಕಿ, ಅಡಿಕೆ, ಮಸಾಲೆ, ಎಣ್ಣೆ. ಬೆಳ್ಳಿ-ಹಿತ್ತಾಳೆಯ ದೇವರ ಸಾಮಾನು. ಬಣ್ಣದ ರೇಷ್ಮೆ ಸೀರೆ, ಹಳೆಯ ಫೋಟೋ, ಚರ್ಮದ ಚೀಲ. ಕಂಪ್ಯೂಟರ್, ಟಿವಿ: ಇವನ್ನೂ ತೆಗೆಯಿರಿ.

ಬಹಳ ಜನ ಮರೆಯುವುದು ಸುವಾಸನೆಯ ಸಾಮಾನು. ಪೈನ್ ಎಣ್ಣೆಯ ಫಿನಾಯಿಲ್, ನಿಂಬೆ ಪರಿಮಳದ ನೆಲ ಒರೆಸುವ ದ್ರವ, ರೂಮ್ ಫ್ರೆಶ್ನರ್, ಕರ್ಪೂರ, ಊದಿನಕಡ್ಡಿ. ಪೈನ್ ಮತ್ತು ನಿಂಬೆಯ ಪರಿಮಳ ಟರ್ಪೀನ್ ಎಂಬ ವಸ್ತುಗಳದ್ದು. ಓಝೋನ್ ಅವುಗಳ ಜೊತೆ ಕೂಡಿದರೆ ಫಾರ್ಮಾಲ್ಡಿಹೈಡ್ ಮತ್ತು ಅತಿ ಸಣ್ಣ ಕಣಗಳು ಹುಟ್ಟುತ್ತವೆ. ಹೋದ ವಾಸನೆಗಿಂತ ಬಂದದ್ದು ಹೆಚ್ಚು ಕೆಟ್ಟದ್ದು. ಓಝೋನಿಗೆ ಎರಡು ದಿನ ಮೊದಲಿಂದ ಫಿನಾಯಿಲ್ ನಿಲ್ಲಿಸಿ, ಬರೀ ನೀರಿನಲ್ಲಿ ಒರೆಸಿ.

5. ಸಂದಿ ಮುಚ್ಚಿ

ಸ್ಲ್ಯಾಬಿನ ಮನೆಯಲ್ಲಿ ಇದು ಸುಲಭ. ಕಿಟಕಿಯ ಅಂಚು, ಎಕ್ಸಾಸ್ಟ್ ಫ್ಯಾನಿನ ತೂತು, ಪಕ್ಕದ ಕೋಣೆಯ ಬಾಗಿಲಡಿ ಟೇಪು ಹಚ್ಚಿ, ಚಾದರ ಒತ್ತಿ. ಫ್ಲ್ಯಾಟಾದರೆ ಬಚ್ಚಲಿನ ಗಾಳಿಗಿಂಡಿ ಮೇಲಿನ ಮನೆಗೂ ಹೋಗುತ್ತದೆಯೇ ನೋಡಿ, ಪಕ್ಕದವರಿಗೆ ಹಿಂದಿನ ದಿನವೇ ಹೇಳಿ.

ಹೆಂಚಿನ ಮನೆಯವರಿಗೆ ಖಂಡಿತವಾದ ಮಾತು: ಸೀಲಿಂಗ್ ಇಲ್ಲದ ಮಾಡಿನ ಕೆಳಗೆ ಓಝೋನ್ ನಿಲ್ಲುವುದಿಲ್ಲ. ಮಂಗಳೂರು ಹೆಂಚಿನ ಸಂದಿಗಳಿಂದ ಗಾಳಿ ಸದಾ ಬದಲಾಗುತ್ತದೆ, ಗೋಡೆಯ ಮೇಲಿನಿಂದ ಓಝೋನ್ ಇಡೀ ಮನೆಗೆ ಹರಡುತ್ತದೆ. ಅಂಥ ಕೋಣೆಗೆ ಇದನ್ನು ಮಾಡಬೇಡಿ. ವಾಸನೆ ಹಿಡಿದ ಕಪಾಟು, ಪೆಟ್ಟಿಗೆಗಳನ್ನು ಬಿಸಿಲಿಗಿಡುವುದು ಅಲ್ಲಿ ಹೆಚ್ಚು ಫಲ ಕೊಡುತ್ತದೆ.

6. ಯಂತ್ರ ಇಡುವ ಜಾಗ

ಓಝೋನ್ ಗಾಳಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಭಾರ. ಅದಕ್ಕೇ ಯಂತ್ರ ನೆಲದ ಮೇಲೆ ಬೇಡ, ಕೋಣೆಯ ನಡುವೆ ನಾಲ್ಕೈದು ಅಡಿ ಎತ್ತರದ ಮೇಜಿನ ಮೇಲಿರಲಿ. ಗೋಡೆಗೆ ಎರಡಡಿ ದೂರ, ಮುಂದೆ ಪರದೆ ಇಲ್ಲದಂತೆ. ಸೀಲಿಂಗ್ ಫ್ಯಾನು ನಿಧಾನಕ್ಕೆ ತಿರುಗಲಿ. ಕಪಾಟಿನ ಬಾಗಿಲು, ಡ್ರಾಯರ್ ತೆರೆದಿಡಿ, ಹಾಸಿಗೆ ಎತ್ತಿ ನಿಲ್ಲಿಸಿ.

ವೈರನ್ನು ಬಾಗಿಲಡಿಯಿಂದ ಹೊರಗೆಳೆದು ಹೊರಗಿನ ಪ್ಲಗ್ಗಿಗೆ ಹಾಕಿ. ಇದನ್ನು ಬಿಡಬೇಡಿ. ನಡುವೆ ಕರೆಂಟು ಹೋಗಿ ಬಂದರೆ ಕೆಲವು ಡಿಜಿಟಲ್ ಟೈಮರ್‌ಗಳು ಮೊದಲಿನಿಂದ ಎಣಿಸುತ್ತವೆ, ತಿರುಗಿಸುವ ಸ್ಪ್ರಿಂಗಿನವು ಕರೆಂಟಿಲ್ಲದೆಯೂ ಓಡಿ ಮುಗಿಯುತ್ತವೆ. ಯಂತ್ರ ನಿಂತಿದೆಯೋ ಇಲ್ಲವೋ ಎಂದು ನೋಡಲು ಒಳಗೆ ಹೋಗುವ ಪ್ರಸಂಗವೇ ಬರಬಾರದು. ಹೊರಗಿನ ಸ್ವಿಚ್ಚು ನಿಮ್ಮ ಕೈಯಲ್ಲಿರಲಿ.

7. ಹಚ್ಚುವುದು

ಟೈಮರನ್ನು 45 ನಿಮಿಷಕ್ಕೆ ಇಡಿ. ಮನೆಯ ಎಲ್ಲರೂ ಹೊರಗೆ. ಬಾಗಿಲಿಗೆ ಬೀಗ, ಮೇಲೊಂದು ಚೀಟಿ: "ಒಳಗೆ ಓಝೋನ್ ಇದೆ, ತೆರೆಯಬೇಡಿ", ಕೆಳಗೆ ಗಂಟೆ ಬರೆಯಿರಿ. ಹೋಂಸ್ಟೇ ಆದರೆ ಬೀಗದ ಕೈ ಕೆಲಸದವರ ಬಳಿ ಬಿಡಬೇಡಿ. ಪಾಪ, ಅವರು ಎಂದಿನಂತೆ ಕೋಣೆ ಗುಡಿಸಲು ಒಳಗೆ ಹೋಗುತ್ತಾರೆ.

ಎನ್95 ಮುಖಗವಸು ಧೂಳನ್ನು ತಡೆಯುತ್ತದೆ, ಓಝೋನನ್ನು ಅಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಂದೇ ನಿಮಿಷ ಹೋಗಿಬರುತ್ತೇನೆಂದರೂ ಆಗದು. ಭಾರತದ ವಾಯು ಗುಣಮಟ್ಟದ ಮಾನದಂಡದಲ್ಲಿ ಎಂಟು ಗಂಟೆಯ ಸರಾಸರಿ ಓಝೋನ್ ಮಿತಿ ಘನ ಮೀಟರಿಗೆ 100 ಮೈಕ್ರೋಗ್ರಾಂ, ಅಂದರೆ ಸುಮಾರು 0.05 ಪಿಪಿಎಂ. ನಿಮ್ಮ ಕೋಣೆಯಲ್ಲಿ ಈಗ ಅದರ ನೂರು ಪಟ್ಟು ಇದೆ.

ಯಾರಾದರೂ ಅಪ್ಪಿತಪ್ಪಿ ಉಸಿರಾಡಿದರೆ ಕೂಡಲೇ ತೆರೆದ ಗಾಳಿಗೆ ಕರೆತನ್ನಿ. ಕೆಮ್ಮು, ಗಂಟಲುರಿ, ಎದೆ ಬಿಗಿತ ಕಂಡರೆ ಆಸ್ಪತ್ರೆಗೆ ಕರೆದೊಯ್ಯಿರಿ. ಶ್ವಾಸಕೋಶದ ತೊಂದರೆ ಕೆಲವು ಗಂಟೆ ಬಿಟ್ಟೂ ಕಾಣಿಸಬಹುದು, ಆಗ ಸರಿಯಾದಂತಿದ್ದರೂ ಆ ದಿನ ಒಬ್ಬರೇ ಬಿಡಬೇಡಿ.

8. ಕಾಯುವುದು

ಮುಚ್ಚಿದ ಕೋಣೆಯಲ್ಲಿ ಓಝೋನ್ ಅರ್ಧಕ್ಕರ್ಧ ಇಳಿಯಲು ಸುಮಾರು ಅರ್ಧ ಗಂಟೆ ಹಿಡಿಯುತ್ತದೆಂದು ಇಟ್ಟುಕೊಳ್ಳಿ. 5 ಪಿಪಿಎಂ 0.05ಕ್ಕೆ ಇಳಿಯಲು ಹೀಗೆ ಆರೇಳು ಸಲ ಅರ್ಧವಾಗಬೇಕು, ಎಂದರೆ ಮೂರೂವರೆ ಗಂಟೆಯ ಹತ್ತಿರ. ಖಾಲಿ ಕೋಣೆಯಲ್ಲಿ ಇನ್ನೂ ನಿಧಾನ. ಯಂತ್ರ ನಿಂತು ನಾಲ್ಕು ಗಂಟೆ ಬಾಗಿಲು ತೆರೆಯಬೇಡಿ. ಆಮೇಲೆ ಬಾಗಿಲು ತೆರೆದು, ಹೊರಗಿನಿಂದಲೇ ಒಂದು ಫ್ಯಾನನ್ನು ಬಾಗಿಲಿಗೆ ಹಚ್ಚಿ. ಅರ್ಧ ಗಂಟೆ ಬಿಟ್ಟು ಒಳಹೋಗಿ ಕಿಟಕಿ ತೆರೆಯಿರಿ, ಎರಡನೆಯ ಫ್ಯಾನು ಕಿಟಕಿಯತ್ತ ಮುಖ ಮಾಡಿ ಗಾಳಿ ಹೊರಗೆ ತಳ್ಳಲಿ. ಇನ್ನೊಂದು ಗಂಟೆ ಹೀಗೇ ಇರಲಿ.

ಸಿಡಿಲು ಬಡಿದ ಮೇಲೆ ಬರುವಂಥ ಚುರುಕು ವಾಸನೆ ಇನ್ನೂ ಇದ್ದರೆ ಓಝೋನ್ ಉಳಿದಿದೆ, ಹೊರಗೆ ಬನ್ನಿ. ಆದರೆ ಮೂಗು ಬೇಗ ಒಗ್ಗಿಕೊಳ್ಳುತ್ತದೆ. "ಈಗ ವಾಸನೆ ಇಲ್ಲ" ಅನ್ನಿಸಿದಾಗ ಹತ್ತು ನಿಮಿಷ ಅಂಗಳದಲ್ಲಿ ನಿಂತು ಮತ್ತೆ ಬಂದು ನೋಡಿ.

ಓಝೋನ್ ಹೋದ ಮೇಲೂ ಬಟ್ಟೆ, ಗೋಡೆಗಳಿಂದ ಸಪ್ಪೆಯಾದ ಒಂದು ವಾಸನೆ ಒಂದೆರಡು ದಿನ ಬರುವುದುಂಟು. ಅದು ಒಡೆದ ಅಣುಗಳ ಉಳಿಕೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಗಾಳಿಯಾಡಲು ಬಿಡಿ. ಮಲಗುವ ಕೋಣೆಯನ್ನು 24 ಗಂಟೆ ಬಿಟ್ಟು ಬಳಸಿ. ಉಬ್ಬಸದವರು, ಬಸುರಿಯರು, ಎಳೆಕೂಸುಗಳಿದ್ದರೆ ಎರಡು ದಿನ ಬಿಡಿ.

9. ಮತ್ತೊಂದು ಸುತ್ತು

ವರ್ಷಗಟ್ಟಲೆ ಸಿಗರೇಟು ಸೇದಿದ ಕೋಣೆಗೆ ಒಂದೇ ಸುತ್ತು ಸಾಲದು. ಒಮ್ಮೆಲೇ ಆರು ಗಂಟೆ ಓಡಿಸುವ ಬದಲು ದಿನಕ್ಕೊಂದರಂತೆ ಒಂದು ಗಂಟೆಯ ಮೂರು ಸುತ್ತು ಮಾಡಿ. ನಡುವೆ ಗೋಡೆಯ ಒಳಪದರದ ವಾಸನೆ ಮೇಲಕ್ಕೆ ಬರಲು ಹೊತ್ತು ಸಿಗುತ್ತದೆ. ಮೂರರ ನಂತರವೂ ವಾಸನೆ ಇದ್ದರೆ ನಾಲ್ಕನೆಯದು ಮಾಡಬೇಡಿ. ಮೂಲ ಇನ್ನೂ ಒಳಗಿದೆ, ಒಂದನೆಯ ಹಂತಕ್ಕೆ ಹಿಂತಿರುಗಿ.

ಮೀನು ಸಾಗಿಸಿದ ಕಾರಿಗೆ

ಬೈತಖೋಲ್ ಬಂದರಿನಿಂದ ತಂದ ಬಂಗಡೆಯ ನೀರು ಡಿಕ್ಕಿಯಲ್ಲಿ ಚೆಲ್ಲಿದರೆ ಕಾರ್ಪೆಟ್ ಬಿಚ್ಚಿ, ಅದರಡಿಯ ಫೋಮನ್ನೂ ತೊಳೆದು ಒಣಗಿಸಬೇಕು. ಮೇಲಿಂದ ಒರೆಸಿದರೆ ನೀರು ಕೆಳಗೇ ಇರುತ್ತದೆ. ಕಾರಿನ ಒಳಗೆ ಇರುವುದು ಸುಮಾರು 3 ಘನ ಮೀಟರ್ ಗಾಳಿ, ಆದ್ದರಿಂದ ಸಣ್ಣ ಯಂತ್ರಕ್ಕೂ 10 ರಿಂದ 15 ನಿಮಿಷ ಸಾಕು. ನೆರಳಿನಲ್ಲಿ, ಬಯಲಿನಲ್ಲಿ ನಿಲ್ಲಿಸಿ. ಮನೆಗೆ ಅಂಟಿದ ಗ್ಯಾರೇಜು ಬೇಡ. ಅರ್ಧ ಗಂಟೆ ಬಿಟ್ಟು ನಾಲ್ಕೂ ಬಾಗಿಲು ತೆರೆದು ಇನ್ನೊಂದು ಗಂಟೆ ಬಿಡಿ. ಹೊರಡುವಾಗ ಮೊದಲ ಹತ್ತು ನಿಮಿಷ ಗಾಜು ಇಳಿಸಿ ಓಡಿಸಿ. ತಿಂಗಳಿಗೊಮ್ಮೆ ಮಾಡುವ ಕೆಲಸವಲ್ಲ ಇದು, ಬಾಗಿಲಿನ ರಬ್ಬರ್ ಹಾಳಾಗುತ್ತದೆ.

ಕೊಳ್ಳುವವರಿಗೆ, ಇಟ್ಟುಕೊಂಡವರಿಗೆ

ಪ್ಲಗ್ಗಿಗೆ ಸಿಕ್ಕಿಸಿ ದಿನವಿಡೀ ಓಡಿಸಬಹುದೆಂದು ಮಾರುವ ಪುಟ್ಟ ಓಝೋನ್ "ಏರ್ ಪ್ಯೂರಿಫೈಯರ್"ಗಳನ್ನು ಕೊಳ್ಳಬೇಡಿ. ಜನರಿಗೆ ಅಪಾಯವಿಲ್ಲದಷ್ಟು ಕಡಿಮೆ ಓಝೋನ್ ವಾಸನೆಯ ಮೇಲೂ ಕೆಲಸ ಮಾಡುವುದಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುವುದೂ ಇದನ್ನೇ.

ಸಮುದ್ರದ ಉಪ್ಪುಗಾಳಿ ಪ್ಲೇಟಿನ ಮೇಲೆ ಕೂರುತ್ತದೆ. ಪ್ರತಿ ಐದಾರು ಬಳಕೆಗೊಮ್ಮೆ ಪ್ಲಗ್ ಕಿತ್ತು, ಒಳಗೆ ಉಳಿದ ವಿದ್ಯುತ್ ಇಳಿಯಲು ಅರ್ಧ ಗಂಟೆ ಬಿಟ್ಟು, ಹತ್ತಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಪ್ಲೇಟು ಒರೆಸಿ. ಪೂರ್ತಿ ಒಣಗಿದ ಮೇಲೆಯೇ ಜೋಡಿಸಿ. ಬಿರುಕು ಬಿಟ್ಟ ಪ್ಲೇಟನ್ನು ಅಂಟಿಸಬೇಡಿ, ಹೊಸದು ಹಾಕಿ. ಮಳೆಗಾಲದಲ್ಲಿ ಯಂತ್ರವನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಬಾಡಿಗೆಗೆ ತರುವವರು ತರುವ ಮೊದಲು ಮುಚ್ಚಳ ತೆಗೆಸಿ ಪ್ಲೇಟು ನೋಡಿ. ಬಿಳಿ ಪುಡಿ ಕಟ್ಟಿದ್ದರೆ ಒರೆಸಿ ಕೊಡಲು ಹೇಳಿ, ಅಥವಾ ಬೇರೆ ಯಂತ್ರ ಕೇಳಿ.